14 ಜನರ ಟೀಮ್, ಫ್ರೀ ಪ್ಲಾನ್ 10 ಜನಕ್ಕೆ: ಲಾಗಿನ್ ಹಂಚಿಕೊಂಡರೆ ಆಗಲ್ವಾ?

ಕೋಲಾರದಲ್ಲಿ ಮಾಡ್ಯುಲರ್ ಕಿಚನ್ ಮಾಡುವ ಟೀಮ್, ಒಟ್ಟು 14 ಜನ. ಯಾವ ಕೆಲಸ ಎಲ್ಲಿಗೆ ಬಂತು ಅಂತ ಲೆಕ್ಕ ಇಡುವ ಆ್ಯಪ್‌ಗಳು ಟ್ರೆಲೋ, ಜಿರಾ; ಎರಡರಲ್ಲೂ ಫ್ರೀ ಪ್ಲಾನ್ 10 ಜನಕ್ಕೆ ಮಾತ್ರ. ಬಡಗಿಗಳೆಲ್ಲ ಸೇರಿ ಒಂದು ಲಾಗಿನ್ ಇಟ್ಟುಕೊಂಡರೆ ಯಾವುದು ಚೆನ್ನಾಗಿ ಹೊಂದುತ್ತೆ ಅಂತ ಕೇಳಿದ್ದೀರಿ. ಯಾವುದನ್ನಾದರೂ ತಗೊಳ್ಳಿ, ಆ ಒಂದೇ ಲಾಗಿನ್ ಮಾತ್ರ ಬೇಡ.

ನಮ್ಮದು ತುಮಕೂರು. ಬಟವಾಡಿ ಹತ್ತಿರ ಆಫೀಸು, ಮನೆಗಳಿಗೆ ಸೋಲಾರ್ ಹಾಕುವ ಕೆಲಸ. 2024ರ ಫೆಬ್ರವರಿಯಲ್ಲಿ ಮನೆ ಸೋಲಾರ್‌ಗೆ ಸಬ್ಸಿಡಿ ಕೊಡುವ ಕೇಂದ್ರದ ಯೋಜನೆ ಪಿಎಂ ಸೂರ್ಯ ಘರ್ ಶುರುವಾಯ್ತು. 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಅಂತ ಗೊತ್ತಾದ ಮೇಲೆ ಫೋನು ಕೆಳಗಿಡೋಕೆ ಆಗ್ತಿರಲಿಲ್ಲ. ನೋಟ್‌ಬುಕ್ಕು, ವಾಟ್ಸಾಪ್ ಎರಡೂ ಸಾಲದೇ ಒಂದು ಬೋರ್ಡ್ ಆ್ಯಪ್ ಹಾಕಿಕೊಂಡೆವು. ಒಂದು ಮನೆಗೆ ಒಂದು ಕಾರ್ಡ್. ಒಳಗೆ ಸರ್ವೆಯಿಂದ ಹಿಡಿದು ನೆಟ್ ಮೀಟರ್ (ಹೋಗೋ ಬರೋ ಕರೆಂಟ್ ಎರಡನ್ನೂ ಅಳೆಯೋ ಮೀಟರ್) ಹಾಕೋವರೆಗೆ ಚೆಕ್‌ಲಿಸ್ಟ್. ಆಫೀಸಿನವರಿಗೆಲ್ಲ ಬೇರೆ ಬೇರೆ ಲಾಗಿನ್, ಫಿಟ್ಟರ್‌ಗಳ ಎರಡು ಗ್ಯಾಂಗಿಗೂ ಸೇರಿಸಿ 'ಸೈಟ್ ಟೀಮ್' ಅಂತ ಒಂದು. ಪಾಸ್‌ವರ್ಡ್ ಗೋಡೌನ್ ಗೋಡೆ ಮೇಲೆ ಮಾರ್ಕರ್‌ನಲ್ಲಿ ಬರೆದಿತ್ತು. ತಲೆಗಿಷ್ಟು ಅಂತ ದುಡ್ಡು ಕೇಳ್ತಾರೆ, ನಾವು ತಲೆಗಳನ್ನೇ ಕಮ್ಮಿ ಮಾಡಿದ್ದೀವಿ ಅಂತ ನಾನು ಜಂಬ ಬೇರೆ ಪಟ್ಟಿದ್ದೆ.

ಇದು ಎಲ್ಲಿ ಕೈ ಕೊಡುತ್ತೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಡೆಮೋ ತೋರಿಸುವವರು ಇದನ್ನ ಹೇಳಲ್ಲ. ಇಂಥ ಆ್ಯಪ್‌ಗಳಲ್ಲಿ ನೋಟಿಫಿಕೇಶನ್ ಬರೋದು ಅಕೌಂಟಿಗೆ. ಒಬ್ಬ ತೆಗೆದು ಓದಿದ ಅಂದ್ರೆ ಮಿಕ್ಕವರಿಗೂ ಅದು ಓದಿದ ಲೆಕ್ಕ. ಕ್ಯಾತ್ಸಂದ್ರದ ಗ್ಯಾಂಗಿಗೆ ಹಾಕಿದ ಮೆಸೇಜನ್ನ ಶಿರಾ ರೋಡಿನ ಹುಡುಗ ನೋಡಿ, ನಮಗಲ್ಲ ಅಂತ ಸುಮ್ಮನಾಗ್ತಿದ್ದ. ಯಾರಿಗೆ ಹೇಳಬೇಕಿತ್ತೋ ಅವರಿಗೆ ಗೊತ್ತೇ ಆಗ್ತಿರಲಿಲ್ಲ. ಆಮೇಲೆ, ಬೇರೆ ಲಾಗಿನ್ ಇದ್ದಿದ್ರೆ ಅವರವರ ಕಾರ್ಡನ್ನಷ್ಟೇ ಮುಂದಿಡಬಹುದಿತ್ತು. ನಮ್ಮಲ್ಲಿ ಊರಿನ ಮನೆಗಳೆಲ್ಲ ಒಂದೇ ಪಟ್ಟಿಯಲ್ಲಿ. ಎಲ್ಲಕ್ಕಿಂತ ಜಾಸ್ತಿ ಹೊಡೆತ ಬಿದ್ದಿದ್ದು ಹಿಸ್ಟರಿಯಿಂದ. ಯಾರು ಟಿಕ್ ಹಾಕಿದರೂ ಅಲ್ಲಿ ಕಾಣೋದು 'ಸೈಟ್ ಟೀಮ್' ಅಂತಲೇ.

'ಮಂಜಣ್ಣ ಮನೆ' ಅಂತ ಎರಡು ಕಾರ್ಡ್ ಇದ್ದವು. ಒಂದರಲ್ಲಿ ಪ್ಯಾನೆಲ್ ಸ್ಟ್ರಕ್ಚರ್ ನಿಲ್ಲಿಸುವ ಕಾಂಕ್ರೀಟ್ ಪೆಡಸ್ಟಲ್ ಚೆನ್ನಾಗಿ ಗಟ್ಟಿಯಾಗಿತ್ತು, ಇನ್ನೊಂದರಲ್ಲಿ ಹಿಂದಿನ ಸಂಜೆಯಷ್ಟೇ ಹಾಕಿದ್ದರು. ಯಾರೋ ತಪ್ಪು ಕಾರ್ಡಿಗೆ ಟಿಕ್ ಹಾಕಿದರು. ಡ್ರೈವರ್ ಪಟ್ಟಿ ನೋಡಿ ಸ್ಟ್ರಕ್ಚರ್, ಪ್ಯಾನೆಲ್ ಎಲ್ಲ ಲೋಡ್ ಮಾಡಿಕೊಂಡು ಹೊರಟ. ಅಲ್ಲಿ ಹೋಗಿ ನೋಡಿದರೆ ಪೆಡಸ್ಟಲ್ ಮೇಲೆ ಒದ್ದೆ ಗೋಣಿಚೀಲ ಇನ್ನೂ ಹಾಗೇ ಇದೆ. ಬೋಲ್ಟ್ ಬಿಗಿ ಮಾಡೋ ಮಾತೇ ಇಲ್ಲ. ಇಳಿಸಿದ್ದನ್ನ ಮತ್ತೆ ತುಂಬುವಾಗ ಒಂದು ಪ್ಯಾನೆಲ್ ಗಾಜು ಬಿರುಕು ಬಿಟ್ಟಿತು, ಹಮಾಲಿಯೂ ಎರಡೆರಡು ಸಲ.

ಅದು ಹೋಗಲಿ ಬಿಡಿ. ಹಳೇ ಫಿಟ್ಟರ್ ಒಬ್ಬರಿದ್ದರು, ಆ ಮನೆ ಅವರ ಜವಾಬ್ದಾರಿ. ಎಲ್ಲರ ಮುಂದೆ ಅವರನ್ನೇ ತರಾಟೆಗೆ ತಗೊಂಡೆ. "ನಾನು ಆ ಆ್ಯಪ್ ತೆಗೆದೇ ಇಲ್ಲ ಸಾರ್" ಅಂದರು. ನಂಬಲಿಲ್ಲ. ತಿಂಗಳ ಕೊನೆಗೆ ಲೆಕ್ಕ ಚುಕ್ತಾ ಮಾಡಿಸಿಕೊಂಡು ಹೋದರು. ಆಮೇಲೆ ವಾಟ್ಸಾಪ್ ಕೆದಕಿದಾಗ ಟಿಕ್ ಬಿದ್ದ ಟೈಮಿಗೇ ಇನ್ನೊಂದು ಗ್ಯಾಂಗಿನ ಹುಡುಗ ತನ್ನ ಸೈಟಿನ ಪೆಡಸ್ಟಲ್ ಫೋಟೋ ಕಳಿಸಿದ್ದು ಸಿಕ್ಕಿತು. ಫೋನ್ ಮಾಡಿ ಕರೆದೆ, ಅವರು ಬರಲಿಲ್ಲ. ನಾಲ್ಕು ಲಾಗಿನ್ನಿನ ದುಡ್ಡು ಉಳಿಸೋಕೆ ಹೋಗಿ ಅಂಥ ಕೆಲಸಗಾರನನ್ನ ಕಳಕೊಂಡೆ.

ಇನ್ನು ಜಿರಾನಾ ಟ್ರೆಲೋನಾ ಅನ್ನೋದು. ಎರಡೂ ಈಗ ಒಂದೇ ಕಂಪನಿಯವು, 2017ರಲ್ಲಿ ಅಟ್ಲಾಸಿಯನ್ ಟ್ರೆಲೋನ ಕೊಂಡುಕೊಂಡಿತು. ಜಿರಾ 2002ರಲ್ಲಿ ಸಾಫ್ಟ್‌ವೇರ್ ಬಗ್ ಲೆಕ್ಕ ಇಡೋಕೆ ಬಂದಿದ್ದು. ಪ್ಲೈವುಡ್ ಕತ್ತರಿಸುವವರಿಗೆ ಸ್ಪ್ರಿಂಟ್, ಸ್ಟೋರಿ ಪಾಯಿಂಟ್ ಅನ್ನೋ ಸಾಫ್ಟ್‌ವೇರ್‌ನವರ ಲೆಕ್ಕಗಳೆಲ್ಲ ಯಾಕೆ ಬೇಕು? ಟ್ರೆಲೋ ಸಲೀಸು. ಆದರೆ ಫ್ರೀ ಪ್ಲಾನಿನಲ್ಲಿ ಬೋರ್ಡಿನ ಮಾಹಿತಿ ಹೊರಗೆ ತೆಗೆದರೆ ಪ್ರೋಗ್ರಾಂಗಳು ಓದೋ ಜೆಸನ್ ಫೈಲ್ ಸಿಗುತ್ತೆ, ಎಕ್ಸೆಲ್‌ನಲ್ಲಿ ನೆಟ್ಟಗೆ ತೆರೆಯೋ ಸಿಎಸ್‌ವಿ ಬೇಕಂದ್ರೆ ಪ್ರೀಮಿಯಂ ಆಗಬೇಕು. ಡಾಲರ್ ಬಿಲ್ ರಗಳೆ ಬೇಡ ಅಂದ್ರೆ ಜೋಹೋ ಪ್ರಾಜೆಕ್ಟ್ಸ್ ನೋಡಿ, ಚೆನ್ನೈ ಕಂಪನಿ, ರೂಪಾಯಿಯಲ್ಲೇ ಬಿಲ್. ನಮ್ಮದೇ ಸರ್ವರ್‌ನಲ್ಲಿ ಹಾಕಿಕೊಳ್ಳೋ ರೆಡ್‌ಮೈನ್ ಅಂತ ಇನ್ನೊಂದಿದೆ, ಅದಕ್ಕೆ ತಲೆ ಲೆಕ್ಕವೇ ಇಲ್ಲ, ಪೂರ್ತಿ ಫ್ರೀ. ಆದರೆ ಸರ್ವರ್ ನೋಡಿಕೊಳ್ಳೋಕೆ ನಿಮ್ಮಲ್ಲಿ ಒಬ್ಬರು ಬೇಕು. ನಿಮ್ಮ ಪ್ರಶ್ನೆ ನೋಡಿದರೆ ಅಂಥವರು ಇದ್ದಂಗಿಲ್ಲ.

ನನ್ನ ಕೇಳಿದರೆ 14 ಜನಕ್ಕೂ ಲಾಗಿನ್ ಬೇಕಾಗಿಲ್ಲ. ನಾವೀಗ ಗ್ಯಾಂಗ್ ಮುಖ್ಯಸ್ಥರಿಗೆ ಮಾತ್ರ ಕೊಟ್ಟಿದ್ದೀವಿ, ಅವರವರ ಹೆಸರಲ್ಲೇ. ಮಿಕ್ಕವರು ವಾಟ್ಸಾಪ್‌ಗೆ ಫೋಟೋ ಹಾಕ್ತಾರೆ, ಮುಖ್ಯಸ್ಥ ನೋಡಿ ಟಿಕ್ ಹಾಕ್ತಾನೆ. ನಿಮ್ಮಲ್ಲೂ ಅಳತೆ ತೆಗೆಯುವವರು, ವರ್ಕ್‌ಶಾಪ್ ನೋಡುವವರು, ಫಿಟ್ಟಿಂಗ್ ಮೇಸ್ತ್ರಿ, ಆಫೀಸು ಅಂತ ಲೆಕ್ಕ ಹಾಕಿದರೆ 10ರ ಒಳಗೇ ಮುಗಿಯುತ್ತೆ, ಫ್ರೀ ಪ್ಲಾನೇ ಸಾಕು. ಕಾರ್ಡಿನ ಹೆಸರಲ್ಲಿ ಏರಿಯಾನೂ ಆರ್ಡರ್ ನಂಬರೂ ಇರಲಿ. ಮತ್ತೆ, ಒಂದು ಅಡುಗೆಮನೆ ಕೆಲಸವನ್ನ ಪೂರ್ತಿ ಅದರಲ್ಲೇ ನಡೆಸಿ ನೋಡಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅಲ್ಲ, ನಿಮ್ಮ ಮೇಸ್ತ್ರಿ ಫೋನಿನಲ್ಲಿ. ಅವರಿಗೆ ತಡವರಿಸಿದರೆ ಬೇರೆ ಆ್ಯಪ್ ಹುಡುಕಿ.