ಗೆದ್ದ ಮತದಾನಕ್ಕಿಂತ ಸೋತದ್ದೇ ದೊಡ್ಡ ಕಥೆ

ಮಾನ್ಯರೇ,

ಕ್ಯಾಲಿಫೋರ್ನಿಯಾದ ಮತದಾರರು ಸಿಗರೇಟಿನ ತೆರಿಗೆಯನ್ನು ತಾವೇ ಮತ ಹಾಕಿ ಏರಿಸಿದ ಬಗೆಯನ್ನು ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ವಿಷಯ ಕೈಬಿಡುವಂಥದ್ದಲ್ಲವಾದ್ದರಿಂದ ತಿದ್ದಿ ಕಳುಹಿಸಿರೆಂದು ಕೋರುತ್ತೇನೆ.

ಮೊದಲು ಲೆಕ್ಕ. 2016ರಲ್ಲಿ ಜನರ ನೇರ ಮತಕ್ಕೆ ಬಂದ 56ನೇ ಪ್ರಸ್ತಾವದಿಂದ ತೆರಿಗೆ ‘ಪ್ಯಾಕಿಗೆ 2 ಡಾಲರ್ ಆಯಿತು’ ಎಂದಿದ್ದೀರಿ. ಏರಿದ್ದು 2 ಡಾಲರ್; 87 ಸೆಂಟ್ ಇದ್ದದ್ದು 2 ಡಾಲರ್ 87 ಸೆಂಟ್ ಆಯಿತು. ನಿಮ್ಮ ಕಥೆಯ ಪೂರ್ವಾರ್ಧ ಆ 87 ಸೆಂಟಿನೊಳಗೇ ಇದೆ: ಅದರಲ್ಲಿ 25 ಸೆಂಟ್ 1988ರ 99ನೇ ಪ್ರಸ್ತಾವದ್ದು, 50 ಸೆಂಟ್ 1998ರ 10ನೇ ಪ್ರಸ್ತಾವದ್ದು, ಎಂದರೆ ಶಾಸನಸಭೆ ತಾನಾಗಿ ಹಾಕಿದ್ದು ಬರೀ 12 ಸೆಂಟ್. ಇದಿಷ್ಟನ್ನು ಬಿಡಿಸಿ ಹೇಳಿದರೆ ಮೊದಲ ಎರಡು ಪುಟಗಳ ಪ್ರಜಾಪ್ರಭುತ್ವದ ಗುಣಗಾನ ಬೇಕಾಗುವುದೇ ಇಲ್ಲ.

ನನ್ನ ಮುಖ್ಯ ತಕರಾರು ಬೇರೆ. ‘ಇದಕ್ಕೆ ಮುಂಚಿನ ಪ್ರಯತ್ನ ವಿಫಲವಾಗಿತ್ತು’ ಎಂಬ ಒಂದೇ ವಾಕ್ಯದಲ್ಲಿ 2012ರ ಜೂನ್ ತಿಂಗಳ ಮತದಾನವನ್ನು ಮುಗಿಸಿದ್ದೀರಿ. ಪ್ಯಾಕಿಗೆ 1 ಡಾಲರ್ ಏರಿಸಿ, ಬಂದ ಹಣದ ಬಹುಪಾಲನ್ನು ಕ್ಯಾನ್ಸರ್ ಸಂಶೋಧನೆಗೆ ಕೊಡುವ 29ನೇ ಪ್ರಸ್ತಾವ, 50 ಲಕ್ಷಕ್ಕೂ ಹೆಚ್ಚು ಮತಗಳು ಬಿದ್ದ ಆ ದಿನ, ಸುಮಾರು 24 ಸಾವಿರ ಮತಗಳಿಂದ ಸೋತಿತು. ತಂಬಾಕು ಕಂಪನಿಗಳು ಅದನ್ನು ಸೋಲಿಸಲು 4 ಕೋಟಿ ಡಾಲರಿಗೂ ಹೆಚ್ಚು ಸುರಿದವು, ನಿಜ. ಆದರೆ ಆ ಜಾಹೀರಾತುಗಳು ಸಿಗರೇಟನ್ನು ಸಮರ್ಥಿಸುವ ಗೋಜಿಗೇ ಹೋಗದೆ, ಬಿಳಿ ಕೋಟು ತೊಟ್ಟ ವೈದ್ಯೆಯೊಬ್ಬರ ಬಾಯಲ್ಲಿ ಹಣ ಎಲ್ಲಿಗೆ ಹೋಗುತ್ತದೆಂಬ ಅನುಮಾನವನ್ನಷ್ಟೇ ಬಿತ್ತಿದವು. ಕಂಪನಿಗಳ ಹಂಗಿಲ್ಲದ ಲಾಸ್ ಏಂಜಲೀಸ್ ಟೈಮ್ಸ್ ಕೂಡ ತನ್ನ ಸಂಪಾದಕೀಯದಲ್ಲಿ ಪ್ರಸ್ತಾವವನ್ನು ವಿರೋಧಿಸಿತ್ತು. ನಾಲ್ಕು ವರ್ಷಗಳ ಬಳಿಕ ಹಣದ ದೊಡ್ಡ ಪಾಲು ಬಡವರ ಆರೋಗ್ಯ ಯೋಜನೆಯಾದ ಮೆಡಿ-ಕ್ಯಾಲ್‌ಗೆ ಎಂದು ಬರೆದಾಗ, ಅದರ ಎರಡು ಪಟ್ಟು ಏರಿಕೆಗೆ ಶೇ. 64ರಷ್ಟು ಜನ ಒಪ್ಪಿದರು. ಜನ ಅಳೆದದ್ದು ತೆರಿಗೆಯ ಭಾರವನ್ನೋ, ಹಣ ಸೇರುವ ಜಾಗವನ್ನೋ? ಲೇಖನ ನಿಲ್ಲಬೇಕಾದದ್ದು ಈ ಪ್ರಶ್ನೆಯ ಮೇಲೆ. ಕಂಪನಿಗಳನ್ನು ರಾಕ್ಷಸರೆಂದು ಮೂರು ಸಲ ಬೈದದ್ದರಿಂದ ಅದಕ್ಕೆ ಉತ್ತರ ಸಿಗುವುದಿಲ್ಲ.

‘ನಮ್ಮ ರಾಜ್ಯದಲ್ಲೂ ಇಂಥ ಮತದಾನ ನಡೆಯಲಿ’ ಎಂಬ ಕೊನೆಯ ಪುಟವನ್ನು ತೆಗೆದುಬಿಡಿ. ತೆರಿಗೆಯನ್ನು ಜನರ ನೇರ ಮತಕ್ಕೆ ಹಾಕುವ ದಾರಿ ನಮ್ಮ ಸಂವಿಧಾನದಲ್ಲಿಲ್ಲ. ಹುಣಸೂರು, ಪಿರಿಯಾಪಟ್ಟಣಗಳ ತಂಬಾಕು ಬೆಳೆಗಾರರಂತೂ ಅರ್ಧ ವಾಕ್ಯದಲ್ಲಿ ಬಂದುಹೋಗುವವರಲ್ಲ.

ನಾಲ್ಕನೆಯ ಪುಟದಲ್ಲಿ, ಹೊಸ ತೆರಿಗೆ ಜಾರಿಗೆ ಬಂದ 2017ರ ಏಪ್ರಿಲ್ 1ರ ಬೆಳಿಗ್ಗೆ ಕ್ಯಾಲಿಫೋರ್ನಿಯಾದ ನಿಮ್ಮ ಮನೆಯ ಹತ್ತಿರದ ಪೆಟ್ರೋಲ್ ಬಂಕಿನ ಅಂಗಡಿಯಾತ ಹಳೆಯ ಬೆಲೆಚೀಟಿಗಳನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದುದನ್ನೂ, ದಿನದ ಗಿರಾಕಿಯೊಬ್ಬರು ಬೆಲೆ ನೋಡಿ ಮಾತಾಡದೆ ಹೊರಟುಹೋದುದನ್ನೂ ಬರೆದಿದ್ದೀರಿ. ಅಲ್ಲಿಂದಲೇ ಆರಂಭಿಸಿ. ಸಾವಿರದ ಇನ್ನೂರು ಪದಗಳನ್ನು ಮೀರದಿರಲಿ.

ಇಂತು,
ಸಂಪಾದಕ