ಬೋಟಿನ ಸದ್ದಿಂದ ಮೀನು, ಡಾಲ್ಫಿನ್‌ಗೆ ನಿಜವಾಗ್ಲೂ ತೊಂದ್ರೆ ಆಗುತ್ತಾ? ಕಾರವಾರದಲ್ಲಿ ಡಾಲ್ಫಿನ್ ನೋಡೋಕೆ ಬೋಟಲ್ಲಿ ಹೋಗ್ಬಹುದಾ?

ತೊಂದ್ರೆ ಖಂಡಿತ ಆಗುತ್ತೆ. ಆದ್ರೆ ಹೋಗ್ಲೇಬೇಡಿ ಅಂತ ನಾನು ಹೇಳಲ್ಲ, ಹೇಗೆ ಹೋಗ್ತೀರಿ ಅನ್ನೋದ್ರ ಮೇಲಿದೆ. ನಾನು ಕಾರವಾರದ ಕಡೆಯವನೇ, ಮರೈನ್ ಬಯಾಲಜಿ ಓದಿದೀನಿ, ಅದಕ್ಕೇ ಸ್ವಲ್ಪ ಬಿಡಿಸಿ ಬರೀತೀನಿ.

ದಡದಲ್ಲಿ ನಿಂತೋರಿಗೆ ಬೋಟು ದೂರ ಹೋದ್ರೆ ಸದ್ದೂ ಹೋಯ್ತು. ನೀರೊಳಗೆ ಹಾಗಲ್ಲ, ಗಾಳಿಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗೋ ಸದ್ದು ನೀರಲ್ಲಿ ಹತ್ತಿರ ಹತ್ತಿರ 1500 ಮೀಟರ್ ಹೋಗುತ್ತೆ, ಬೇಗ ಅಡಗೋದೂ ಇಲ್ಲ. ಎಲ್ರೂ ಇಂಜಿನ್ನೇ ಕಾರಣ ಅಂದ್ಕೋತಾರೆ, ಆದ್ರೆ ಸ್ಪೀಡಾಗಿ ಹೋಗುವಾಗ ದೊಡ್ಡ ಗಲಾಟೆ ನೀರೊಳಗೆ ತಿರುಗೋ ಬೋಟಿನ ಫ್ಯಾನಿಂದು (ಪ್ರೊಪೆಲರ್), ಅದು ಜೋರಾಗಿ ತಿರುಗಿದ್ರೆ ರೆಕ್ಕೆ ಹತ್ರ ನೀರಿನ ಒತ್ತಡ ಇಳಿದು ಗುಳ್ಳೆಗಳು ಹುಟ್ಟಿ ತಕ್ಷಣ ಒಡೀತವೆ, ಆ ಒಡೆಯೋ ಸದ್ದೇ ಜಾಸ್ತಿ. ಸ್ಪೀಡ್ ಇಳಿಸಿದ್ರೆ ಗುಳ್ಳೆ ಕಮ್ಮಿ, ಸದ್ದೂ ಕಮ್ಮಿ.

ಮೀನಿಗೆ ಕಿವಿ ಎಲ್ಲಿದೆ ಅಂತ ಕೇಳ್ತಾರೆ. ಮೀನಿನ ತಲೆ ತಿನ್ನುವಾಗ ಹಲ್ಲಿಗೆ ಸಿಗೋ ಬಿಳಿ ಕಲ್ಲಿನಂಥದ್ದು ಇದ್ಯಲ್ಲ, ಅದು ಅದರ ಒಳಗಿವಿದೇ ಭಾಗ. ಹೆಚ್ಚಿನ ಮೀನುಗಳಿಗೆ ಚೆನ್ನಾಗಿ ಕೇಳ್ಸೋದು ಕೆಳಗಿನ ಸ್ವರಗಳು, ಬೋಟಿನ ಸದ್ದು ಜೋರಾಗಿರೋದೂ ಅಲ್ಲೇ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಲ್ಲಿ ಲಿಜರ್ಡ್ ಐಲ್ಯಾಂಡ್ ಹತ್ರ ಒಂದು ಪ್ರಯೋಗ ಮಾಡಿದ್ರು, 2022ರಲ್ಲಿ ಅದರ ವರದಿ ಬಂತು: ಕೆಲವು ಹವಳದ ದಿಬ್ಬಗಳ ಹತ್ರ ಬೋಟು ಓಡಾಟ ಕಮ್ಮಿ ಮಾಡಿ, ವೇಗ ಇಳಿಸಿದ್ರು, ಅಷ್ಟೇ. ಮೊಟ್ಟೆ ಮರಿ ಕಾಯೋ ಒಂದು ಜಾತಿ ಸಣ್ಣ ಮೀನಲ್ಲಿ, ಸೀಸನ್ ಮುಗಿಯೋ ಹೊತ್ತಿಗೆ ಶಾಂತ ಜಾಗದ ಗೂಡುಗಳಲ್ಲಿ ಶೇ. 65ರಲ್ಲಿ ಮರಿ ಉಳಿದಿದ್ವು, ಬೋಟು ಓಡೋ ಕಡೆ ಶೇ. 40ರಲ್ಲಿ ಮಾತ್ರ. ನನಗೆ ಇದು ತುಂಬಾ ಮುಖ್ಯ ಅನ್ಸುತ್ತೆ, ಯಾಕಂದ್ರೆ ಪ್ಲಾಸ್ಟಿಕ್ ಸಮುದ್ರಕ್ಕೆ ಬಿತ್ತು ಅಂದ್ರೆ ವರ್ಷಗಟ್ಲೆ ಇರುತ್ತೆ, ಸದ್ದು ನಿಲ್ಲಿಸಿದ ಕ್ಷಣಕ್ಕೇ ಇಲ್ಲ. 2001ರ ಸೆಪ್ಟೆಂಬರಲ್ಲಿ ಅಮೆರಿಕದ ಮೇಲೆ ದಾಳಿ ಆದ್ಮೇಲೆ ಕೆನಡಾದ ಬೇ ಆಫ್ ಫಂಡಿಯಲ್ಲಿ ಹಡಗು ಕಮ್ಮಿ ಆಗಿ ಸದ್ದು ಸುಮಾರು 6 ಡೆಸಿಬೆಲ್ ಇಳೀತು, ಅದೇ ದಿನಗಳಲ್ಲಿ ಅಲ್ಲಿನ ತಿಮಿಂಗಿಲಗಳ ಸಗಣಿ ಪರೀಕ್ಷೆ ಮಾಡಿದ್ರೆ ಒತ್ತಡದ ಹಾರ್ಮೋನೂ ಇಳಿದಿತ್ತು.

ಇನ್ನು ನಮ್ಮೂರಿನ ಡಾಲ್ಫಿನ್. ಕಾಳಿ ನದಿ ಸಮುದ್ರ ಸೇರೋ ಕಡೆ ಕಾಣೋದು ಹಂಪ್‌ಬ್ಯಾಕ್ ಡಾಲ್ಫಿನ್, ಅಳಿವಿನ ಅಂಚಲ್ಲಿರೋ ಜಾತಿ. ಇವು ಆಳ ಸಮುದ್ರಕ್ಕೆ ಹೋಗಲ್ಲ, ದಡದ ಹತ್ರ ಕಮ್ಮಿ ನೀರಲ್ಲೇ ಬದುಕು, ಅಂದ್ರೆ ಬೋಟು ಬಂತು ಅಂತ ದೂರ ಓಡಿಹೋಗೋಕೂ ಜಾಗ ಇಲ್ಲ. ನೀರು ಕದಡಿರುತ್ತೆ, ಕಣ್ಣು ಅಷ್ಟು ಉಪಯೋಗಕ್ಕೆ ಬರಲ್ಲ, ಮೀನು ಹುಡುಕೋದು, ತಾಯಿ ಮರಿ ಒಂದನ್ನೊಂದು ಕರೆಯೋದು ಎಲ್ಲ ಸದ್ದಲ್ಲೇ. ಅಂಥಾದ್ರಲ್ಲಿ ಮೂರ್ನಾಲ್ಕು ಬೋಟು ಸುತ್ತ ಬಂದು ಆಕ್ಸಿಲರೇಟರ್ ಕೊಟ್ರೆ ಹೇಗಿರುತ್ತೆ ಯೋಚ್ನೆ ಮಾಡಿ. ಮೀನು ಹಿಡಿಯೋಕೆ ಹೋಗೋ ನಾಡದೋಣಿಯವ್ರನ್ನ ನಾನು ದೂರಲ್ಲ, ಅವರು ತಮ್ಮ ಪಾಡಿಗೆ ಬಲೆ ಹಾಕೋಕೆ ಹೋಗ್ತಾರೆ, ಡಾಲ್ಫಿನ್ ಬೆನ್ನು ಹತ್ತೋದು ಟೂರಿಸ್ಟ್ ಬೋಟು, ಅದೂ ಬೋಟಲ್ಲಿ ಕೂತಿರೋರು "ಅಣ್ಣಾ ಇನ್ನೂ ಹತ್ರ ಹೋಗಿ" ಅಂತ ಕೂಗೋದ್ರಿಂದ.

ಹಾಗಾಗಿ ಹತ್ತೋಕೆ ಮುಂಚೆನೇ ಬೋಟಿನವ್ರ ಹತ್ರ ಮಾತಾಡ್ಕೊಳ್ಳಿ: ಡಾಲ್ಫಿನ್ ಕಂಡ್ರೆ ದೂರದಲ್ಲೇ ನಿಧಾನ ಮಾಡಿ ನ್ಯೂಟ್ರಲ್‌ಗೆ ಹಾಕ್ಬೇಕು, ಮುಂದೆ ಅಡ್ಡ ಹೋಗಬಾರ್ದು, ಬೇರೆ ಬೋಟು ಅಲ್ಲಿದ್ರೆ ಅದು ಹೋಗೋವರೆಗೆ ಕಾಯ್ಬೇಕು, ಡಾಲ್ಫಿನ್ ಕಾಣದೇ ಹೋದ್ರೂ ಪೂರ್ತಿ ದುಡ್ಡು ಕೊಡ್ತೀವಿ ಅಂತಾನೂ ಹೇಳಿ. ಈ ಕೊನೇದನ್ನ ಮರೀಬೇಡಿ, ತೋರಿಸ್ಲೇಬೇಕು ಅನ್ನೋ ಒತ್ತಡಕ್ಕೇ ಎಷ್ಟೋ ಜನ ಅಟ್ಟಿಸಿಕೊಂಡು ಹೋಗೋದು.