ಶೆಟ್ಲಿ ಲೇಖನ ವಾಪಸ್, ಚಿತ್ರ ಮಾತ್ರ ನಮ್ಮಲ್ಲೇ ಇದೆ

ನಮಸ್ಕಾರ.

ಶೆಟ್ಲಿ, ಅಂದರೆ ಸಿಗಡಿಯ ಬಗ್ಗೆ ನೀವು ಕಳಿಸಿದ ಲೇಖನ ‘ತಾಯಿ ಶೆಟ್ಲಿಯ ಮಡಿಲು’ ತಲುಪಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ಲೇಖನದ ಜೊತೆ ಒಂದು ಪೆನ್ಸಿಲ್ ಚಿತ್ರ ಇತ್ತಲ್ಲ, ಅದನ್ನು ವಾಪಸ್ ಕಳಿಸುತ್ತಿಲ್ಲ.

ಮೊದಲ ಪುಟ ಪೂರ್ತಿ ಟಾಗೋರರು. ಕಾರವಾರದಿಂದ ಬರುವ ಬರಹಗಳಲ್ಲಿ ಮುಕ್ಕಾಲು ಪಾಲು ಹೀಗೇ ಶುರುವಾಗುತ್ತವೆ. 22ರ ಹರೆಯದಲ್ಲಿ ಅವರು ಇಲ್ಲಿಗೆ ಬಂದಿದ್ದು ನಿಜ, ಕಡಲತೀರಕ್ಕೆ ಅವರ ಹೆಸರಿಟ್ಟಿದ್ದೂ ನಿಜ. ಆದರೆ ಶೆಟ್ಲಿಗೂ ಅವರಿಗೂ ಏನು ಸಂಬಂಧ? ಆ ಪುಟ ತೆಗೆದುಬಿಡಿ. ನಿಮ್ಮ ಲೇಖನ ನಿಜಕ್ಕೂ ಶುರುವಾಗುವುದು ಎರಡನೇ ಪುಟದಲ್ಲಿ: ‘ಜುಲೈ ಮಳೆಯಲ್ಲಿ ಕೋಡಿಬಾಗದ ಹೊಳೆ ದಂಡೆಯಲ್ಲಿ ಒಬ್ಬರು ಬುಟ್ಟಿ ಇಟ್ಟುಕೊಂಡು ಕೂತಿದ್ದರು.’ ಸಿರ್ಸಿಯಿಂದ ದೇವಿಮನೆ ಘಟ್ಟ ಇಳಿದು ಬಂದವರು, ಅಲ್ಲಿಯವರೆಗೆ ಶೆಟ್ಲಿಯನ್ನು ಕೈಯಲ್ಲಿ ಹಿಡಿದೇ ಇರಲಿಲ್ಲ ಎಂದು ಬರೆದಿದ್ದೀರಿ. ಆ ಅಳುಕು, ಆ ಕುತೂಹಲ ಎರಡೂ ಚೆನ್ನಾಗಿ ಬಂದಿವೆ. ಬುಟ್ಟಿಯಲ್ಲಿದ್ದ ಒಂದು ಶೆಟ್ಲಿಯ ಹೊಟ್ಟೆಯಡಿ ಬೂದು ಬಣ್ಣದ ಮೊಟ್ಟೆಗಳ ಗೊಂಚಲು ಕಂಡಿತು, ಕೊಂಡು ತಂದಿರಿ, ಬಿಡಿಸಿದಿರಿ. ಇಲ್ಲಿಯವರೆಗೆ ಎಲ್ಲ ಸರಿ.

ಆಮೇಲೆ ಮೊಬೈಲ್ ತೆಗೆದಿರಿ. ಅಲ್ಲಿಂದ ಲೇಖನ ಕೆಟ್ಟಿತು.

ಮೊಬೈಲ್ ನೋಡಿ ನೀವು ಕೊಟ್ಟ ಹೆಸರು ಪೀನಿಯಸ್ ಇಂಡಿಕಸ್, ಅಂದರೆ ಸಮುದ್ರದ ಬಿಳಿ ಶೆಟ್ಲಿ. ಆಮೇಲಿನ ಎರಡು ಪುಟ, ಆ ತಾಯಿ ಅಲೆಗಳ ನಡುವೆ ಮೊಟ್ಟೆಗಳನ್ನು ಅಪ್ಪಿಕೊಂಡು ಈಜುವ ಕಥೆ. ಓದಲು ಸೊಗಸಾಗಿದೆ. ಆದರೆ ಆ ಶೆಟ್ಲಿ ಮೊಟ್ಟೆ ಹೊರುವುದೇ ಇಲ್ಲ. ಅದರ ಮೊಟ್ಟೆ ಬಲಿಯುವುದು ಬೆನ್ನಿನೊಳಗೆ. ಬಲಿತಾಗ ಚಿಪ್ಪಿನ ಮೂಲಕ ಹಸಿರು ಪಟ್ಟಿಯ ಹಾಗೆ ಕಾಣುತ್ತದೆ. ಸಮಯ ಬಂದಾಗ ಲಕ್ಷದ ಲೆಕ್ಕದಲ್ಲಿ ಸೀದಾ ನೀರಿಗೆ ಬಿಟ್ಟು ತನ್ನ ಪಾಡಿಗೆ ಹೋಗುತ್ತದೆ. ಒಂದು ದಿನದೊಳಗೆ ಮೊಟ್ಟೆ ಒಡೆಯುತ್ತದೆ. ಮರಿ ಹಲವು ರೂಪ ಬದಲಿಸಿ, ಉಬ್ಬರದ ನೀರಿನ ಜೊತೆ, ಹೊಳೆ ಕಡಲು ಸೇರುವ ಅಳಿವೆಯೊಳಗೆ ಬರುತ್ತದೆ. ನಾನು ಅಘನಾಶಿನಿ ದಂಡೆಯ ಊರಿನವನು. ಕಗ್ಗ ಭತ್ತ ಕೊಯ್ದ ಗಜನಿಗೆ, ಅಂದರೆ ಹೊಳೆ ದಂಡೆಯ ಉಪ್ಪುನೀರಿನ ಗದ್ದೆಗೆ, ಕೂದಲೆಳೆಯಂಥ ಮರಿಗಳು ನುಗ್ಗುವುದನ್ನು ನೋಡುತ್ತಲೇ ಬೆಳೆದೆ. ಅಮ್ಮ ಯಾರು ಅಂತ ಆ ಮರಿಗಳಿಗೂ ಗೊತ್ತಿಲ್ಲ, ಅಮ್ಮನಿಗೂ ಗೊತ್ತಿಲ್ಲ!

ಹಾಗಾದರೆ ನೀವು ನೋಡಿದ ಮೊಟ್ಟೆ ಸುಳ್ಳೇ? ಅಲ್ಲ. ಹೆಸರು ಮಾತ್ರ ಸುಳ್ಳು. ಅದು ಗೊತ್ತಾಗಿದ್ದು ನಿಮ್ಮ ಚಿತ್ರದಿಂದಲೇ.

ಶೆಟ್ಲಿಯ ಮೈಯಲ್ಲಿ ಎರಡು ಪಾಲು. ತಲೆ, ಎದೆ ಒಂದೇ ಚಿಪ್ಪಿನಡಿ. ಅದರ ಹಿಂದೆ ಆರು ಬಳೆಗಳ ಹೊಟ್ಟೆ, ಕೊನೆಗೆ ಬಾಲದ ಬೀಸಣಿಗೆ. ಬಳೆಗಳ ಪಕ್ಕದ ಅಂಚು ರೆಕ್ಕೆಯ ಹಾಗೆ ಕೆಳಗೆ ಇಳಿದಿರುತ್ತದೆ. ಸಮುದ್ರದ ಬಿಳಿ ಶೆಟ್ಲಿಯಲ್ಲಿ ಈ ಅಂಚುಗಳು ಹಂಚಿನ ಮಾಡಿನ ಹಾಗೆ. ಮೊದಲನೆಯದರ ಹಿಂದಿನ ತುದಿ ಎರಡನೆಯದರ ಮೇಲೆ, ಎರಡನೆಯದರದ್ದು ಮೂರನೆಯದರ ಮೇಲೆ. ಸಾಲು ತಪ್ಪುವುದಿಲ್ಲ. ನಿಮ್ಮ ಚಿತ್ರದಲ್ಲಿ ಸಾಲು ತಪ್ಪಿದೆ. ಎರಡನೇ ಬಳೆಯ ಅಂಚು ಅಗಲವಾಗಿ, ದುಂಡಗೆ, ಮುಂದಿನದ್ದನ್ನೂ ಹಿಂದಿನದ್ದನ್ನೂ ಎರಡೂ ಕಡೆ ಮುಚ್ಚಿಕೊಂಡು ಕೂತಿದೆ. ಮೊದಲು ಒಂದು ಗೆರೆ ಎಳೆದು, ರಬ್ಬರಿನಲ್ಲಿ ಅಳಿಸಿ, ಮತ್ತೆ ಸರಿಮಾಡಿದ್ದೀರಿ. ಕಾಗದದ ಮೇಲೆ ಆ ಗುರುತು ಇನ್ನೂ ಇದೆ. ಅಂದರೆ ನಿಮಗೇ ಅನುಮಾನ ಬಂದಿತ್ತು. ಮತ್ತೊಮ್ಮೆ ನೋಡಿದಿರಿ, ಕಂಡದ್ದನ್ನೇ ಬಿಡಿಸಿದಿರಿ.

ಕಾಲುಗಳನ್ನೂ ನೋಡಿ. ಬಿಳಿ ಶೆಟ್ಲಿಗೆ ಐದು ಜೋಡಿ ನಡೆಗಾಲು, ಮೊದಲ ಮೂರು ಜೋಡಿಯ ತುದಿಯಲ್ಲಿ ಸಣ್ಣ ಇಕ್ಕಳ. ನೀವು ಬಿಡಿಸಿದ್ದಕ್ಕೆ ಇಕ್ಕಳ ಇರುವುದು ಎರಡೇ ಜೋಡಿಗೆ. ಅದರಲ್ಲಿ ಎರಡನೆಯದು ಉಳಿದೆಲ್ಲಕ್ಕಿಂತ ಉದ್ದ. ದುಂಡನೆಯ ಎರಡನೇ ಅಂಚು, ಉದ್ದನೆಯ ಎರಡನೇ ಇಕ್ಕಳಗಾಲು, ಹೊಟ್ಟೆಯಡಿ ಮೊಟ್ಟೆ. ಮೂರನ್ನೂ ಸೇರಿಸಿ ನೋಡಿದರೆ ಅದು ಹೊಳೆ ಶೆಟ್ಲಿ, ಮ್ಯಾಕ್ರೋಬ್ರಾಕಿಯಂ ಕುಲದ್ದು. ಯಾವ ಜಾತಿ ಎಂದು ಹೇಳಬೇಕಾದರೆ ಮೂತಿಯ ಗರಗಸದ ಹಲ್ಲು ಎಣಿಸಬೇಕು. ಇಷ್ಟೆಲ್ಲ ನೋಡಿದವರು ಅಲ್ಲಿ ಮಾತ್ರ ಸುಮ್ನೆ ಒಂದು ಗೆರೆ ಎಳೆದು ಮುಗಿಸಿದ್ದೀರಿ!

ಗರಗಸ ಅಷ್ಟು ಮುಖ್ಯವೇ ಎಂದು ಕೇಳಬಹುದು. ಸಮುದ್ರದ ಶೆಟ್ಲಿಗಳನ್ನೇ ತೆಗೆದುಕೊಳ್ಳಿ. ಬಿಳಿ ಶೆಟ್ಲಿ ಚಿಕ್ಕದಿದ್ದಾಗ ಮೆಟಾಪೀನಿಯಸ್ ಡಾಬ್ಸನಿ ಎಂಬ ಇನ್ನೊಂದು ಜಾತಿಯ ಜೊತೆ ಒಂದೇ ಬುಟ್ಟಿಯಲ್ಲಿ ಬಿದ್ದರೆ ನೋಡಿದ ಕೂಡಲೇ ಬೇರೆ ಮಾಡುವುದು ಕಷ್ಟ. ಗರಗಸದ ಕೆಳಗಿನ ಅಂಚಿಗೆ ಉಗುರು ತಾಗಿಸಿ. ಅಲ್ಲೂ ಹಲ್ಲು ಸಿಕ್ಕಿದರೆ ಬಿಳಿ ಶೆಟ್ಲಿ. ಮೇಲೆ ಮಾತ್ರ ಹಲ್ಲು, ಕೆಳಗೆ ನುಣುಪು ಇದ್ದರೆ ಡಾಬ್ಸನಿ. ಇದಕ್ಕೆ ಮೈಕ್ರೋಸ್ಕೋಪ್ ಬೇಡ.

ಇನ್ನು ಜುಲೈ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ನೀವು ಬೈತಖೋಲ ಬಂದರಿನಿಂದ ಟ್ರಾಲರ್ ಹೊರಡಿಸಿಬಿಟ್ಟಿದ್ದೀರಿ. ಆ ಸಾಲು ಹೊಡೆದುಹಾಕಿ. ಆದರೆ ಆ ತಪ್ಪೇ ನಿಮಗೆ ದಾರಿ ತೋರಿಸಬೇಕಿತ್ತು. ದೋಣಿಗಳು ದಡದಲ್ಲಿವೆ ಎಂದರೆ ಹೊಳೆ ದಂಡೆಯ ಆ ಬುಟ್ಟಿಗೆ ಶೆಟ್ಲಿ ಎಲ್ಲಿಂದ ಬಂತು? ಹೊಳೆಯಿಂದಲೇ, ಅಲ್ವಾ? ಹೊಳೆ ಶೆಟ್ಲಿಯ ಜಾತಿಗಳಲ್ಲಿ ಹಲವುಗಳ ಮರಿಗೆ ಬದುಕಲು ಸ್ವಲ್ಪ ಉಪ್ಪು ನೀರು ಬೇಕು. ಅದಕ್ಕೇ ಮೊಟ್ಟೆ ಹೊತ್ತ ಹೆಣ್ಣುಗಳು ಮಳೆಗಾಲದಲ್ಲಿ ಸಿಹಿನೀರಿನಿಂದ ಅಳಿವೆಯತ್ತ ಇಳಿಯುತ್ತವೆ. ದೊಡ್ಡ ಹೊಳೆ ಶೆಟ್ಲಿಯಾದರೆ ಸುಮಾರು 20 ದಿನ ಮೊಟ್ಟೆ ಹೊರುತ್ತದೆ. ಈಜುಗಾಲುಗಳನ್ನು ಬೀಸುತ್ತ ಮೊಟ್ಟೆಗಳಿಗೆ ಹೊಸ ನೀರು ಹಾಯಿಸುತ್ತಿರುತ್ತದೆ. ಮೊಟ್ಟೆ ಮೊದಲು ಕಿತ್ತಳೆ ಬಣ್ಣ, ಒಡೆಯುವ ಹೊತ್ತಿಗೆ ಬೂದು. ನೀವು ಕಂಡದ್ದು ಬೂದು. ಅಂದರೆ ಅದು ಕಾಳಿ ಹೊಳೆಯಲ್ಲಿ ಇಳಿದು ಇಳಿದು, ಹೆಚ್ಚುಕಡಿಮೆ ತಲುಪಬೇಕಾದ ಕಡೆ ತಲುಪಿತ್ತು. ಅಷ್ಟರಲ್ಲಿ ಬಲೆಗೆ ಬಿತ್ತು. ನಿಮಗೆ ತಾಯಿಯ ಕಥೆ ಬೇಕಿತ್ತಲ್ಲ? ಇದಕ್ಕಿಂತ ದೊಡ್ಡ ಕಥೆ ಎಲ್ಲಿ ಸಿಗುತ್ತದೆ! ಕೈಯಲ್ಲೇ ಇತ್ತು, ಬಿಟ್ಟು ಇಂಟರ್ನೆಟ್ಟಿನ ಅಲೆಗಳ ಹಿಂದೆ ಹೋದಿರಿ.

ಉಳಿದವು ಸಣ್ಣ ತಪ್ಪುಗಳು. ಬೆನ್ನಿನ ಕಪ್ಪು ದಾರವನ್ನು ನರ ಎಂದಿದ್ದೀರಿ. ಅಡುಗೆಮನೆಯಲ್ಲಿ ನಾವೂ ಹಾಗೇ ಹೇಳುತ್ತೇವೆ, ಆದರೆ ಅದು ಕರುಳು. ನರದ ಹುರಿ ಇರುವುದು ಹೊಟ್ಟೆಯ ಕಡೆ. ಬೇಯಿಸಿದಾಗ ರಕ್ತದಿಂದ ಕೆಂಪಾಗುತ್ತದೆ ಎಂಬ ಸಾಲೂ ತಪ್ಪು. ಅಸ್ಟಾಜಾಂಥಿನ್ ಎಂಬ ಕೆಂಪು ಬಣ್ಣ ಚಿಪ್ಪಿನಲ್ಲೇ ಒಂದು ಪ್ರೋಟೀನಿಗೆ ಅಂಟಿಕೊಂಡು ಅಡಗಿರುತ್ತದೆ. ಬಿಸಿ ತಾಗಿದಾಗ ಹಿಡಿತ ಬಿಟ್ಟು ಹೊರಬೀಳುತ್ತದೆ. ಶೆಟ್ಲಿಯ ರಕ್ತದಲ್ಲಿರುವುದು ತಾಮ್ರ, ಅದು ಕೆಂಪಲ್ಲ. ಪೀನಿಯಸ್ ಇಂಡಿಕಸ್ ಮತ್ತು ಫೆನ್ನೆರೊಪೀನಿಯಸ್ ಇಂಡಿಕಸ್ ಎಂದು ಎರಡು ಜಾತಿಗಳನ್ನು ಲೆಕ್ಕ ಹಾಕಿದ್ದೀರಿ, ಎರಡೂ ಒಂದೇ. 1997ರಲ್ಲಿ ಕುಲ ಒಡೆದು ಹೊಸ ಹೆಸರು ಕೊಟ್ಟರು, ಆಮೇಲೆ ಹಲವರು ಹಳೆಯದಕ್ಕೇ ಮರಳಿದರು. ಅದಕ್ಕೇ ಎರಡೂ ಓಡಾಡುತ್ತಿವೆ.

ಭಾಷೆಯ ಬಗ್ಗೆ ಒಂದು ಮಾತು. ‘ಕಠಿಣಚರ್ಮಿ ಜೀವಿಯ ಉದರಪಾದಗಳು’ ಎಂದು ಬರೆದವರು ಮತ್ತು ‘ಮೀಸೆ ಮೈಗಿಂತ ಉದ್ದ, ಹಿಡಿದೆಳೆದರೆ ತುಂಡಾಯಿತು’ ಎಂದು ಬರೆದವರು ಒಬ್ಬರೇ ಎಂದು ನಂಬಲು ಕಷ್ಟವಾಯಿತು. ಎರಡನೆಯವರೇ ಬರೆಯಲಿ. ಘಟ್ಟದ ಮೇಲೆ ನೀವು ಸಿಗಡಿ ಎನ್ನುತ್ತೀರಿ, ಇಲ್ಲಿ ಶೆಟ್ಲಿ. ಒಂದೇ ಲೇಖನದಲ್ಲಿ ಎರಡೂ ಬೇಡ. ಮಾರುವವರ ಬಾಯಲ್ಲಿ ಬಂದದ್ದೇ ಇರಲಿ.

ಈಗ ಮಾಡಬೇಕಾದದ್ದು. ಮತ್ತೊಮ್ಮೆ ಹೊಳೆ ದಂಡೆಗೆ ಹೋಗಿ. ಬುಟ್ಟಿಯವರು ಸಿಕ್ಕರೆ ಎಲ್ಲಿ ಹಿಡಿದದ್ದು, ಯಾವ ತಿಂಗಳು ಮೊಟ್ಟೆ ಜಾಸ್ತಿ ಎಂದು ಕೇಳಿ. ಲೇಖನದಲ್ಲಿ ಅವರು ಎರಡೇ ಸಾಲಿಗೆ ಮಾಯವಾಗಿದ್ದಾರೆ. ಒಂದು ಹೊಳೆ ಶೆಟ್ಲಿ, ಒಂದು ಸಮುದ್ರದ ಶೆಟ್ಲಿ ತಂದು ತಟ್ಟೆಯಲ್ಲಿ ಪಕ್ಕ ಪಕ್ಕ ಇಡಿ. ಗರಗಸದ ಹಲ್ಲನ್ನು ಮೇಲೆ ಎಷ್ಟು, ಕೆಳಗೆ ಎಷ್ಟು ಎಂದು ಬರೆದುಕೊಳ್ಳಿ. ಕೋಡಿಬಾಗದಲ್ಲೇ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ. ಬರೆದದ್ದನ್ನು ಅಲ್ಲಿ ಒಮ್ಮೆ ತೋರಿಸಿ. ಆಮೇಲೆ ಲೇಖನ ಬರೆಯಿರಿ, ಮೂರು ಪುಟ ಸಾಕು.

ಚಿತ್ರವನ್ನು ಅದರ ಜೊತೆಗೇ ಅಚ್ಚು ಹಾಕುತ್ತೇನೆ. ಅಳಿಸಿದ ಗೆರೆಯನ್ನು ತೆಗೆಸುವುದಿಲ್ಲ. ಚಿತ್ರದ ಕೆಳಗೆ ತಾರೀಖು ಹಾಕಿಲ್ಲ, ಜುಲೈ ಎಷ್ಟು ಅಂತ ನೆನಪಿದ್ದರೆ ತಿಳಿಸಿ.